ಸಲಾಮಿನ ಹೆಂಡತಿ

ಕೆ.ಆರ್. ನಗರದ ಹಳಿ ದುರಸ್ತಿಯ ರೈಲ್ವೆ ಗ್ಯಾಂಗಿನಲ್ಲಿ ಅಡ್ಡಹೆಸರಿಲ್ಲದೆ ಹಾರೆ ಹಿಡಿದವರಿಲ್ಲ. ಹೊಸದಾಗಿ ಸೇರಿದವರು ಮೊದಲ ಎಡವಟ್ಟು ಮಾಡುವವರೆಗೆ ನೆಂಟರು. ಮಾಡಿದ ದಿನ ನಾಮಕರಣ. ಯಾರದೋ ಮದುವೆ ದಿಬ್ಬಣದ ಬೋಗಿ ಹತ್ತಿ ಹಾಸನದವರೆಗೂ ಉಂಡುಕೊಂಡು ಹೋಗಿದ್ದ ಮೇಸ್ತ್ರಿ ಕಂಠಪ್ಪ ‘ಬೀಗರು’. ಹಳಿಗೆ ಬಂದ ಎಮ್ಮೆಗೆ ಕೆಂಪು ಬಾವುಟ ತೋರಿಸಿದ ನಜೀರ್ ‘ಎಮ್ಮೆ ಗಾರ್ಡು’. ಯಾವ ರೈಲು ಬಂದರೂ ಎಂಜಿನ್ನಿಗೆ ಸಲಾಮು ಹೊಡೆಯುತ್ತಿದ್ದ ಲಿಂಗರಾಜು ‘ಸಲಾಮು’.

ಸಲಾಮು ಹೋದ ವರ್ಷ ಕಾಮಾಲೆಯಲ್ಲಿ ತೀರಿಕೊಂಡ. ಅನುಕಂಪದ ಮೇಲೆ ಕೆಲಸ ಅವನ ಹೆಂಡತಿ ಪ್ರೇಮಾಳಿಗೆ ಬಂತು. ಅನುಕಂಪ ಅಲ್ಲಿಗೇ ನಿಲ್ಲಲಿಲ್ಲ. ಅವಳನ್ನು ಕಂಡರೆ ಗ್ಯಾಂಗು ಮಾತು ನುಂಗುತ್ತಿತ್ತು. ಊಟದ ಹೊತ್ತಿನ ಕತೆಗಳೆಲ್ಲ ಹೊಂಗೆ ಮರದ ಆಚೆ ಮಗ್ಗುಲಿಗೆ ಹೋದವು. ‘ಕೂತ್ಕಳಿ ತಾಯಿ’ ಎನ್ನುವ ಆ ಮರ್ಯಾದೆ ಅವಳಿಗೆ ಹಾರೆಗಿಂತ ಭಾರವಾಗಿತ್ತು. ಲಿಂಗರಾಜು ದಿನಾ ಸಂಜೆ ಮನೆಗೆ ತರುತ್ತಿದ್ದುದು ಆ ಕತೆಗಳನ್ನೇ. ಅವನಿಲ್ಲದ ಮೇಲೆ, ಇಲ್ಲಿಯಾದರೂ ಸಿಕ್ಕಾವೆಂದು ಬಂದಿದ್ದಳು.

ಆ ಮಂಗಳವಾರ ರೈಲು ಬರುವುದನ್ನು ನೋಡಿ ಸೀಟಿ ಊದುವ ಸರದಿ ಅವಳದು. ತಿರುವಿನಾಚೆ ಗಡಗಡ ಸದ್ದು ಕೇಳಿ ಉಸಿರು ಬಿಗಿಹಿಡಿದು ಊದಿದಳು. ಎಲ್ಲರೂ ಹಳಿ ಬಿಟ್ಟು ಹಾರಿದರು. ಕಂಠಪ್ಪ ನೇರ ಗದ್ದೆಯ ಕೆಸರಿಗೆ. ಬಂದದ್ದು, ಪಕ್ಕದ ರಸ್ತೆಯಲ್ಲಿ, ಕಬ್ಬು ಹೇರಿಕೊಂಡ ಟ್ರ್ಯಾಕ್ಟರು.

ಯಾರೂ ನಗಲಿಲ್ಲ.

“ಪರವಾಗಿಲ್ಲ ಬುಡಿ ತಾಯಿ,” ಎಂದ ಕಂಠಪ್ಪ, ಕೆಸರಿನಿಂದ ಕಾಲು ಕೀಳುತ್ತ.

ಪ್ರೇಮಾ ಸೀಟಿಯನ್ನು ಕೊರಳಿನಿಂದ ತೆಗೆದಳು. ಇಂಥ ಎಡವಟ್ಟಿಗೂ ಹೆಸರು ಸಿಗದಿದ್ದರೆ ಇನ್ಯಾವುದಕ್ಕೆ?

ಊಟದ ಹೊತ್ತಿಗೆ ಡಬ್ಬಿ ಹಿಡಿದು ಮರದ ಆಚೆ ಮಗ್ಗುಲಿಗೆ ತಾನೇ ಹೋಗಿ ಕೂತಳು.

“ನಮ್ಮೆಜಮಾನ್ರು ಏಳೋರು,” ಎಂದಳು, “ಅರಸೀಕೆರೆ ಗಾಡಿ ಡ್ರೈವರು ಒಂದಿನ ಎಂಜಿನ್ ನಿಲ್ಸಿ, ಇಳ್ದು ಬಂದು, ವಾಪಸ್ ಸಲಾಮು ಒಡುದ್ನಂತೆ.”

ನಜೀರ್ ತುತ್ತು ಕೆಳಗಿಟ್ಟ. “ಇಳ್ದು ಬಂದ್ನಂತಾ? ಆರ್ನ್ ಒಡುದ, ಅಷ್ಟೇ ಕಣ್ರೀ.”

“ಟೀನೂ ಕುಡ್ಸಿದ್ನಂತಲ್ಲ?”

“ಟೀ ಬೇರೆನಾ!” ಎಂದ ನಜೀರ್.

ಕಂಠಪ್ಪನಿಗೆ ಅನ್ನ ನೆತ್ತಿಗೇರಿತು. ಕೆಮ್ಮಿನ ಹಿಂದೆಯೇ ನಗು ಬಂತು, ನಗುವಿನ ಹಿಂದೆ ಕಣ್ಣೀರು. “ಬಡ್ಡೀಮಗ, ಮನೇಲೂ ರೀಲು ಬುಟ್ಟವ್ನೆ ನೋಡ್ಲಾ.”

ಪ್ರೇಮಾಳೂ ನಕ್ಕಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಈ ಸಲ ಯಾರೂ ಮಾತು ನಿಲ್ಲಿಸಲಿಲ್ಲ. ಡ್ರೈವರು ಕುಡಿಸಿದ್ದು ಟೀಯೋ ಕಾಫಿಯೋ ಎಂಬುದು ಡಬ್ಬಿ ಮುಚ್ಚುವವರೆಗೂ ನಡೆಯಿತು.

ಕೈ ತೊಳೆದು ಬಂದ ನಜೀರ್ ಎಂದ: “ಏಳಮ್ಮೀ, ಕಬ್ಬಿನ್ ಎಕ್ಸ್‌ಪ್ರೆಸ್ಸು. ಇನ್ನೊಂದು ಟ್ರ್ಯಾಕ್ಟರ್ ಬರೋದ್ರೊಳಗೆ ಕೆಲ್ಸ ಮುಗೀಲಿ.”

“ಬೀಗರ ಕಾಲು ಒಣಗ್ಲಿ ಇರ್ರಿ,” ಎಂದಳು ಕಬ್ಬಿನ ಎಕ್ಸ್‌ಪ್ರೆಸ್, ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತ.