ಪೆಲಾಜಿಯಾ ಎಂಬ ಹೆಸರಿನ ಪೆಟ್ಟಿಗೆ

ನಾನು ಒಂದು ತಗಡಿನ ಪೆಟ್ಟಿಗೆ. ಮೈಸೂರಿನ ಒಂದು ಸಂದಿಯಲ್ಲಿ ಬುಡನ್ ಸಾಬರ ಸುತ್ತಿಗೆಯ ಕೆಳಗೆ ಹುಟ್ಟಿದೆ. ಮನುಷ್ಯರು ಹುಟ್ಟಿದ ಮೇಲೆ ಏಟು ತಿನ್ನುತ್ತಾರೆ. ನಮ್ಮ ಜಾತಿಗೆ ಏಟು ತಿಂದ ಮೇಲೇ ಹುಟ್ಟು. ಹಸಿರು ಬಣ್ಣ ಹಚ್ಚಿಸಿಕೊಂಡು ಅಂಗಡಿ ಮುಂದೆ ಕೂತಿದ್ದಾಗ ಚೌರಪ್ಪ ಎಂಬ ರೈತ ಬಂದು, ಕನ್ಯಾಮಠ ಸೇರಲಿದ್ದ ಹಿರಿಮಗಳು ಮಗ್ದಲಮ್ಮನಿಗೆಂದು ನನ್ನನ್ನು ಕೊಂಡ.

ಕನಕಪುರದ ಆಚೆಯ ಅವನ ಹಳ್ಳಿಯಲ್ಲಿ ನಾನಿದ್ದದ್ದು ಕೆಲವೇ ದಿನ. ಮಗ್ದಲಮ್ಮ ಎರಡು ಬಿಳಿ ಸೀರೆ, ಒಂದು ಜಪಸರ, ಅವ್ವ ಹುರಿದುಕೊಟ್ಟ ಕಡಲೆಕಾಯಿ ತುಂಬಿದಳು. ಪುಟ್ಟ ತಂಗಿ ಆರೋಗ್ಯ ನನ್ನ ಮೇಲೆ ಹತ್ತಿ ಕೂತು, "ನೀ ಓಗ್ಬ್ಯಾಡ ಅಕ್ಕಾ" ಎಂದು ಹಟ ಹಿಡಿದಳು.

"ಅಬ್ಬಕ್ಕೆ ಬತ್ತೀನಿ ಕಣೇ," ಎಂದಳು ಅಕ್ಕ.

ಮಠದಲ್ಲಿ ಅವಳಿಗೆ ಪೆಲಾಜಿಯಾ ಎಂದು ಹೆಸರಿಟ್ಟರು. ವ್ರತ ತೆಗೆದುಕೊಂಡ ದಿನ ನನ್ನ ಮುಚ್ಚಳದ ಮೇಲೂ ಅದನ್ನೇ ಬಿಳಿ ಬಣ್ಣದಲ್ಲಿ ಬರೆದರು. ಅವಳಿಗೇ ಆ ಹೆಸರು ಸರಿಯಾಗಿ ರೂಢಿಯಾಗಿರಲಿಲ್ಲ. ಯಾರಾದರೂ ಕೂಗಿದರೆ ಹಿಂದೆ ತಿರುಗಿ ನೋಡುತ್ತಿದ್ದಳು.

ಅಷ್ಟರಲ್ಲೇ ಹೊಳೆ ಬದಿಯ ಹಳ್ಳಿಗಳಿಗೆ ಕಾಲರಾ ಬಂತು. ಆರೈಕೆಗೆ ಹೋದ ಇಬ್ಬರು ಸಿಸ್ಟರುಗಳಲ್ಲಿ ಪೆಲಾಜಿಯಾ ಬರಲಿಲ್ಲ, ಇನ್ನೊಬ್ಬರೇ ಹಿಂತಿರುಗಿದರು. ಅವರು ನನ್ನನ್ನು ಖಾಲಿ ಮಾಡುತ್ತಾ ಮದರಿಗೆ ಹೇಳಿದರು: "ಊರಾಚೆ ಗುಂಡಿ ತೋಡಿ, ಎಲ್ಲರ ಜೊತೆಗೇ ಸುಣ್ಣ ಹಾಕಿ ಮುಚ್ಚಿಬಿಟ್ರು ಮದರ್. ಒಂದು ಶಿಲುಬೆ ನೆಡೋಕೂ ಆಗ್ಲಿಲ್ಲ. ಪಾಪ, ಕೊನೇವರೆಗೂ ಅವ್ವ, ಅವ್ವ ಅಂತಾನೇ ಇದ್ಲು."

ಸುದ್ದಿ ಮುಟ್ಟಿಸಲು ಹೋದ ಆಳು ಬೀಗ ಬಿದ್ದ ಮನೆ ನೋಡಿಕೊಂಡು ಬಂದ. ಚೌರಪ್ಪ ಸಂಸಾರ ಕಟ್ಟಿಕೊಂಡು ಕೋಲಾರದ ಚಿನ್ನದ ಗಣಿಗೆ ಕೂಲಿಗೆ ಹೋಗಿದ್ದನಂತೆ. ಅಷ್ಟು ದೊಡ್ಡ ಗಣಿಯಲ್ಲಿ ಅವನನ್ನು ಯಾರು ಹುಡುಕುತ್ತಾರೆ? ಯಾರೂ ಹುಡುಕಲಿಲ್ಲ.

ಆ ಮಠದಲ್ಲಿ ಒಂದು ವಾಡಿಕೆಯಿತ್ತು. ಸಿಸ್ಟರ್ ಒಬ್ಬರು ತೀರಿಕೊಂಡರೆ ಅವರ ಹೆಸರನ್ನೂ ಪೆಟ್ಟಿಗೆಯನ್ನೂ ಮುಂದೆ ಬರುವ ಹುಡುಗಿಗೆ ಕೊಡುವುದು. ದೇಹ ಹೋದರೂ ಹೆಸರಿನ ಪ್ರಾರ್ಥನೆ ನಿಲ್ಲಬಾರದು ಎಂಬ ಒಳ್ಳೆಯ ಯೋಚನೆಯೇ. ಹಾಗೆ ನಾನು ಅಂತೋಣಮ್ಮ ಎಂಬ ಹುಡುಗಿಯ ಪಾಲಾದೆ. ಅವಳೂ ಪೆಲಾಜಿಯಾ. ಮುಚ್ಚಳದ ಮೇಲೆ ಹೆಸರು ಇದ್ದೇ ಇತ್ತಲ್ಲ, ಯಾರೂ ಕುಂಚ ಹಿಡಿಯುವ ಗೋಜಿಗೆ ಹೋಗಲಿಲ್ಲ.

ಈ ಪೆಲಾಜಿಯಾ ಅಡುಗೆಮನೆ ಆಳಿದವಳು. ಬಾಯಿ ಖಾರ, ಕೈ ಧಾರಾಳ. ಪ್ರತಿ ವರ್ಷ ಸತ್ತವರ ಹಬ್ಬದ ದಿನ ನನ್ನ ಪಕ್ಕ ಮಂಡಿಯೂರಿ, "ಸ್ವಾಮೀ, ನನಗಿಂತ ಮುಂಚಿನವಳಿಗೆ ಶಾಂತಿ ಕೊಡಪ್ಪ" ಎನ್ನುತ್ತಿದ್ದಳು. ಅವಳು ಮುದುಕಿಯಾಗಿ ಸತ್ತಳು. ಆ ಹೊತ್ತಿಗೆ ವಾಡಿಕೆಯೂ ನಿಂತುಹೋಗಿತ್ತು, ಅದನ್ನು ಬಲ್ಲವರೂ ಉಳಿದಿರಲಿಲ್ಲ. ನನ್ನನ್ನು ದಾಖಲೆ ಕೋಣೆಯ ಮೂಲೆಗೆ ತಳ್ಳಿದರು.

ಮಠಕ್ಕೆ ನೂರು ತುಂಬುವ ಕಾಲಕ್ಕೆ ಸಿಸ್ಟರ್ ಒಡಿಲಿಯಾ ಚರಿತ್ರೆ ಬರೆಯಲು ಕೂತರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರಲ್ಲ ಅವರು. ಪ್ರತಿ ಮಾತಿಗೂ ಆಧಾರ ಬೇಕು. ಮಗ್ದಲಮ್ಮ ಪೆಲಾಜಿಯಾ ಆಗಿ ವ್ರತ ತೆಗೆದುಕೊಂಡ ದಾಖಲೆ ಸಿಕ್ಕಿತು, ಪೆಲಾಜಿಯಾ ಸತ್ತ ದಾಖಲೆ ಸಿಕ್ಕಿತು. ನಡುವಿನದನ್ನೆಲ್ಲ ಗೆದ್ದಲು ತಿಂದಿತ್ತು. ಹೆಸರು ಒಂದೇ, ಪೆಟ್ಟಿಗೆಯೂ ಒಂದೇ. ಇಬ್ಬರನ್ನೂ ಸೇರಿಸಿ ಅವರು ಒಬ್ಬಳನ್ನು ಮಾಡಿದರು. ಆ ಸುಳ್ಳಿಗೆ ಆಧಾರವಾದದ್ದು ನಾನು ಎಂಬುದು ನನ್ನ ಹೊಟ್ಟೆಯಲ್ಲಿ ಇಂದಿಗೂ ಉರಿಯುತ್ತದೆ.

ಒಂದು ಮಧ್ಯಾಹ್ನ ಕೋಲಾರದ ಕಡೆಯಿಂದ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಮೇಣದಬತ್ತಿ, ಸೇವಂತಿಗೆ ಹೂವು. "ನಾನು ಚೌರಪ್ಪನ ಮಗಳು ಆರೋಗ್ಯಮ್ಮ, ಸಿಸ್ಟ್ರಮ್ಮ. ನಮ್ಮಕ್ಕ ಮಗ್ದಲಮ್ಮ ಇಲ್ಲಿಗೆ ಸೇರಿದ್ಲು. ಅವಳ ಸಮಾದಿ ತೋರ್ಸಿ, ಒಂದು ಬತ್ತಿ ಅಚ್ಚಿ ಓಯ್ತೀನಿ."

ಒಡಿಲಿಯಾ ಹಳೆಯ ದಾಖಲೆ ನೋಡಿ ಸಂತೋಷದಿಂದಲೇ ಹೇಳಿದರು: "ಬನ್ನಿ ಅಜ್ಜಿ, ಇಲ್ಲೇ ಹಿಂದೆ ಇದೆ. ನಿಮ್ಮಕ್ಕ ಪುಣ್ಯವಂತೆ. ವ್ರತ ತಗೊಂಡ ಮೇಲೆ ಐವತ್ತು ವರ್ಷ ಬದುಕಿ, ಇದೇ ಮಠದಲ್ಲಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ರು."

ಮುದುಕಿ ಎದ್ದವಳು ಮತ್ತೆ ಕೂತಳು. ನನ್ನೆದುರಿಗೇ ಕೂತಳು.

"ಐವತ್ತು ವರ್ಷವಾ? ದೇವರಿಗೆ ಕೊಟ್ಟ ಮಗಳ ಸುದ್ದಿನ ನಾವಾಗಿ ಕೇಳ್ಬಾರ್ದು ಅಂದಿದ್ದ ಅಪ್ಪ. ಕೇಳ್ಲಿಲ್ಲ, ಕಾದ್ವಿ. ಎಲ್ಲೋ ಚಿಕ್ಕೊಯಸ್ಸಲ್ಲೇ ಸತ್ತೋಗವ್ಳೆ, ಅದ್ಕೇ ಬರ್ನಿಲ್ಲ ಅಂದ್ಕೊಂಡು ಮನಸ್ಸು ತಡ್ಕೊಂಡಿದ್ದೆ. ಬದುಕಿದ್ಲಾ? ಅವ್ವ ಬಾಗಿಲು ನೋಡ್ಕೊಂಡೇ ಸತ್ಲಲ್ಲ ಸಿಸ್ಟ್ರಮ್ಮ!"

ಅಯ್ಯೋ, ನೀನು ಅಂದುಕೊಂಡಿದ್ದೇ ನಿಜ ಕಣಮ್ಮ ಎಂದು ನಾನು ಕೂಗಿದೆ. ತಗಡಿನ ಕೂಗು ಯಾರಿಗೆ ಕೇಳಿಸುತ್ತದೆ?

"ಸಮಾಧಿ ನೋಡಿ ಬರೋಣ ಅಜ್ಜಿ," ಎಂದರು ಒಡಿಲಿಯಾ.

"ಬ್ಯಾಡ ಬುಡಿ," ಎಂದು ಆರೋಗ್ಯಮ್ಮ ಬತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೇ ಹೋದಳು. ಹೂವನ್ನೂ ಬಿಡಲಿಲ್ಲ.

ಒಡಿಲಿಯಾರ ಕಣ್ಣು ತುಂಬಿತ್ತು, ಸುಳ್ಳು ಹೇಳಬಾರದು. ಆದರೆ ಸಂಶೋಧಕಿಗೆ ಹೊಸ ಮಾಹಿತಿಯೂ ಸಿಕ್ಕಿತ್ತು.

ಈಗ ನಾನು ಗಾಜಿನ ಕಪಾಟಿನಲ್ಲಿದ್ದೇನೆ. ತುಕ್ಕು ಹಿಡಿದ ಮೈಗೆ ಎಣ್ಣೆ ಸವರಿದ್ದಾರೆ. ಹೊಸದಾಗಿ ಮಠ ಸೇರಿದ ಹುಡುಗಿಯರು ಬಂದು ನನ್ನ ಪಕ್ಕದ ಬರಹವನ್ನು ಗಟ್ಟಿಯಾಗಿ ಓದುತ್ತಾರೆ: "ಸಿಸ್ಟರ್ ಪೆಲಾಜಿಯಾ. ಐವತ್ತು ವರ್ಷ ತವರಿನ ಹಂಬಲವಿಲ್ಲದೆ ಬಾಳಿದ ವೈರಾಗ್ಯಮೂರ್ತಿ."