ಮೂಗಿನ ಪಾಲು

"ಮೂಗಿಲ್ದೆ ಮನೆಗೆ ಬರಬೇಡ," ಎಂದರು ಅತ್ತೆ.

ನಾನು ನದಿಯ ದಂಡೆಯಲ್ಲಿ ದೋಣಿಗೆ ಪೆಟ್ರೋಲ್ ಡಬ್ಬಗಳನ್ನು ಏರಿಸುತ್ತಿದ್ದೆ. ಅವರು ನನ್ನ ಕಿರಿಯ ಮಗನ ಕೈ ಹಿಡಿದುಕೊಂಡು, ಸ್ವೆಟರಿನ ಮೇಲೆ ನನ್ನ ಗಂಡನ ಜಾಕೀಟು ಹಾಕಿಕೊಂಡು ನಿಂತಿದ್ದರು.

"ಯಾರ ಮೂಗು ಅತ್ತೆ? ನನ್ನದು ಇದೆಯಲ್ಲ."

"ನಿಂದ್ಯಾರಿಗೆ ಬೇಕು? ಕುದಿಸಿದ್ರೆ ಒಂದು ಚಮಚಾನೂ ಆಗಲ್ಲ. ಮೂಸಿನ ಮೂಗು ಕಣೇ. ತರ್ತೀನಿ ತರ್ತೀನಿ ಅಂತ ಮೂರು ವರ್ಷದಿಂದ ಬರೀ ತೊಡೆ, ಬೆನ್ನು ತಂದು ಹಾಕ್ತಿದ್ದೀಯ."

ಮೂಸು ಎಂದರೆ ಉತ್ತರದ ನಮ್ಮ ಚಳಿಕಾಡಿನ, ಕುದುರೆಗಿಂತ ಎತ್ತರದ ಕಡವೆ. ನಕ್ಕುಕೊಂಡೇ ಹೇಳಿದರೂ ಅದು ನಗೆಮಾತಲ್ಲ. ಏಪ್ರಿಲ್‌ನಲ್ಲಿ ಎಫಿ ಅತ್ತೆ ಎದೆಯಲ್ಲಿ ಕಫ ಕಟ್ಟಿ ವೈಟ್‌ಹಾರ್ಸ್ ಪಟ್ಟಣದ ಆಸ್ಪತ್ರೆಯಲ್ಲಿ ಆರು ವಾರ ಮಲಗಿದ್ದರು. ಬದುಕಿ ಬಂದರು, ನಾಲಿಗೆಯ ರುಚಿ ಮಾತ್ರ ಜೊತೆಯಲ್ಲಿ ಬರಲಿಲ್ಲ. ಏನು ತಿಂದರೂ ಒದ್ದೆ ರಟ್ಟು ಅಗಿದ ಹಾಗೆ ಎನ್ನುತ್ತಿದ್ದರು. ಮೊದಲೆಲ್ಲ ನನ್ನ ಅಡುಗೆಯಲ್ಲಿ ಹತ್ತು ತಪ್ಪು ಹುಡುಕುತ್ತಿದ್ದವರು ಈಗ ಕೊಟ್ಟದ್ದನ್ನು ಎರಡು ತುತ್ತು ನುಂಗಿ, "ಚೆನ್ನಾಗಿದೆಯಮ್ಮ," ಎಂದು ತಟ್ಟೆ ಸರಿಸುವರು. ಅದನ್ನು ಕೇಳಿದರೆ ನನಗೆ ಹೆದರಿಕೆಯಾಗುತ್ತಿತ್ತು. ಅವರ ಬಟ್ಟೆಗಳು ಮೈಮೇಲೆ ಜೋತಾಡತೊಡಗಿದ್ದವು. ಮೊದಲೆಲ್ಲ ತಮಾಷೆಗೆ ಕೇಳುತ್ತಿದ್ದುದನ್ನೇ ಕೊನೆಗೊಂದು ದಿನ ಬಾಯಿಬಿಟ್ಟು ನಿಜವಾಗಿ ಕೇಳಿದರು: ಮೂಗು ಸಿಕ್ಕರೆ ಬಾಯಿಗೆ ರುಚಿ ತಿರುಗಿ ಬರಬಹುದು.

ನನ್ನ ಗಂಡ ಗಣಿಯಲ್ಲಿ ಎರಡು ವಾರ, ಮನೆಯಲ್ಲಿ ಎರಡು ವಾರ. ನಾನು ವರ್ಷವೆಲ್ಲ ಶಾಲೆಯ ಅಡುಗೆಮನೆಯಲ್ಲಿ, ಎಲೆ ಹಳದಿಯಾದಾಗ ಬೇಟೆಗೆ ಬಂದವರಿಗೆ ದಾರಿ ತೋರಿಸುತ್ತ ಕಾಡಿನಲ್ಲಿ. ಮೂರು ಮಕ್ಕಳ ಊಟ, ಸ್ನಾನ, ಜಗಳ ಎಲ್ಲ ಅತ್ತೆಯ ಪಾಲಿಗೆ. ಅವರು ನಿಂತಿರುವುದರಿಂದ ನಮ್ಮ ಮನೆ ನಿಂತಿದೆ. ಅಂಥವರು ಕೇಳಿದ್ದು ಒಂದೇ ಒಂದು ಮೂಗು.

ತೊಡಕು ಇಷ್ಟೇ. ದೂರದೇಶದಿಂದ ನನ್ನ ಜೊತೆ ಬೇಟೆಗೆ ಬರುವವರಿಗೆ ಮಾಂಸ ಬೇಡ, ಅದನ್ನು ಊರಿನವರಿಗೇ ಬಿಟ್ಟು ಹೋಗುತ್ತಾರೆ. ಅವರಿಗೆ ಬೇಕಾದ್ದು ತಲೆ. ಕೊಂಬು, ಭುಜದಿಂದ ಮೂಗಿನ ತುದಿಯವರೆಗಿನ ಚರ್ಮ. ಅದನ್ನು ತುಂಬಿಸಿ ಗೋಡೆಗೆ ಹಾಕುತ್ತಾರೆ. ಒಂದು ಮೂಸಿಗೆ ಮೂಗು ಒಂದೇ. ಅದು ಗೋಡೆಗೆ ಹೋದರೆ ನಮ್ಮ ಪಾತ್ರೆಗೆ ಬರುವುದಿಲ್ಲ. ಗಿರಾಕಿಗಳ ಹತ್ತಿರ ಏನನ್ನೂ ಕೇಳಬಾರದು ಎಂದು ಈ ಬೇಟೆಗಳನ್ನು ನಡೆಸುವ ಧಣಿಯ ಕಟ್ಟಪ್ಪಣೆ ಬೇರೆ.

ಈ ಸಲ ಬಂದವರು ಆಸ್ಟ್ರಿಯಾದ ಗಂಡಹೆಂಡಿರು, ಇಬ್ಬರಿಗೂ ಅರವತ್ತು ದಾಟಿತ್ತು. ಲೋಥರ್ ರೈಲ್ವೆಯಲ್ಲಿದ್ದು ನಿವೃತ್ತನಾದವನು. ಉದ್ದಕ್ಕೆ, ತೆಳ್ಳಗೆ, ಮಾತು ಕಡಿಮೆ. ಹೆಂಡತಿ ಗೆರ್ಲಿಂಡ್ ಕುಳ್ಳಿ, ಅವನ ಮಾತನ್ನೂ ಸೇರಿಸಿ ತಾನೇ ಆಡುವಳು. ನಲವತ್ತು ವರ್ಷ ಚರ್ಮದ ಕೈಗವಸು ಹೊಲಿದವಳಂತೆ. ಬೇಟೆ ಅವನದು, ಅವಳು ಬಂದದ್ದು ನೋಡಲು.

ನದಿಯಲ್ಲಿ ಮೇಲಕ್ಕೆ ಒಂದು ದಿನದ ದಾರಿ ಹೋಗಿ ಡೇರೆ ಹಾಕಿದೆವು. ಐದು ದಿನ ಏನೂ ಇಲ್ಲ. ಸೆಪ್ಟೆಂಬರ್ ಕೊನೆಯಾದರೂ ಬಿಸಿಲು ಬಿಡದೆ ಕಾಯಿತು. ಬಿಸಿಲಿದ್ದರೆ ಗಂಡು ಮೂಸು ದಟ್ಟ ಕಾಡಿನ ನೆರಳು ಬಿಟ್ಟು ಈಚೆ ಬರುವುದಿಲ್ಲ. ನಾನು ಬೆಳಗ್ಗೆ, ಸಂಜೆ ಎರಡೂ ಕೈ ಬಾಯಿಗಿಟ್ಟು ಹೆಣ್ಣು ಮೂಸಿನ ಹಾಗೆ ನರಳಿ ಕೂಗುತ್ತಿದ್ದೆ.

"ಏನ್ ಕೂಗ್ತಾಳೆ ನೋಡು," ಎಂದಳು ಗೆರ್ಲಿಂಡ್ ಗಂಡನಿಗೆ. "ನಾನೂ ಹೀಗೇ ಕೂಗಿದ್ರೆ ನೀನು ಊಟಕ್ಕೆ ಬರ್ತಿದ್ಯೋ ಏನೋ."

"ನೀನು ಇದಕ್ಕಿಂತ ಜೋರಾಗೇ ಕೂಗ್ತೀಯ," ಎಂದ ಲೋಥರ್. ಆ ದಿನವೆಲ್ಲ ಅವನಾಡಿದ ಮಾತು ಅದೊಂದೇ.

ಆರನೆಯ ಬೆಳಗ್ಗೆ ಡೇರೆಯ ಬಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಹುಲ್ಲಿನ ಮೇಲೆಲ್ಲ ಹಿಮ. ಈವತ್ತು ಬರುತ್ತದೆ ಎಂದುಕೊಂಡೆ. ಒಂದು ಸಲ ಕೂಗಿ, ಮೂಸಿನ ಹಳೆಯ ಒಣಗಿದ ಹೆಗಲ ಮೂಳೆಯಿಂದ ವಿಲ್ಲೋ ಪೊದೆಯನ್ನು ಪರಪರ ಉಜ್ಜಿದೆ. ಇನ್ನೊಂದು ಗಂಡು ಕೊಂಬು ತಿಕ್ಕುತ್ತಿದೆ ಎಂದು ಭ್ರಮೆ ಹುಟ್ಟಿಸಲು. ಹಳ್ಳದ ಆಚೆಯಿಂದ ಗಂಟಲಲ್ಲೇ "ಅಂಕ್" ಎಂಬ ಸದ್ದು ಬಂತು. ಮತ್ತೊಮ್ಮೆ, ಇನ್ನೂ ಹತ್ತಿರ. ಆಮೇಲೆ ಕೊಂಬುಗಳು ಕಂಡವು, ಪೊದೆಗಳ ಮೇಲೆ ಎರಡು ಬಾಗಿಲು ತೇಲಿ ಬಂದ ಹಾಗೆ.

ಅದು ಹೊಟ್ಟೆಮಟ್ಟದ ನೀರಿಗಿಳಿದು ನಿಂತಿತು. ಲೋಥರ್ ಬಂದೂಕು ಎತ್ತಿದ. ನಾನು ಅವನ ಹೆಗಲು ಒತ್ತಿ ಹಿಡಿದೆ.

"ಈಗ ಬೇಡ," ಎಂದು ಪಿಸುಗುಟ್ಟಿದೆ. "ನೀರಲ್ಲಿ ಬಿದ್ರೆ ಅದನ್ನ ಎಳೆಯೋಕೆ ನಿಮ್ಮ ರೈಲೇ ಬರಬೇಕು."

ಅವನು ಕಾದ. ಮೂಸು ನಿಧಾನವಾಗಿ ನಮ್ಮ ಕಡೆಯ ಮರಳುದಿಣ್ಣೆ ಹತ್ತಿತು. ಒಂದೇ ಗುಂಡು. ನಾಲ್ಕು ಹೆಜ್ಜೆ ನಡೆದು ಮಂಡಿಯೂರಿ ಮಲಗಿತು, ದೋಣಿಯಿಂದ ಇಪ್ಪತ್ತು ಮಾರು ದೂರಕ್ಕೆ.

ಲೋಥರ್ ಸ್ಪ್ರೂಸ್ ಮರದ ಒಂದು ಹಸಿರು ಚಿಗುರು ಮುರಿದು ತಂದು ಅದರ ಬಾಯಿಗಿಟ್ಟ. ಟೋಪಿ ತೆಗೆದು ನಿಂತ. "ಕೊನೇ ತುತ್ತು," ಎಂದಳು ಗೆರ್ಲಿಂಡ್. "ನಮ್ಮಲ್ಲಿ ಹೀಗೆ ಕೊಡ್ತೀವಿ." ನಾನು ಅದರ ಉಸಿರಿನ ನಾಳ ಕೊಯ್ದು ತೆಗೆದು ಮರದ ಕೊಂಬೆಗೆ ಕಟ್ಟಿದೆ. ನಮ್ಮಲ್ಲಿ ಹಾಗೆ. ಯಾರೂ ಯಾರಿಗೂ ವಿವರಣೆ ಕೇಳಲಿಲ್ಲ.

ಇಡೀ ದಿನ ಸ್ಪ್ರೂಸ್ ಟೊಂಗೆಗಳ ಹಾಸಿನ ಮೇಲೆ ಮಾಂಸ ಬಿಡಿಸಿ, ಬಟ್ಟೆಚೀಲಗಳಿಗೆ ತುಂಬಿ, ದೋಣಿಯಲ್ಲಿ ಡೇರೆಗೆ ಸಾಗಿಸಿ ತೂಗುಹಾಕಿದೆವು. ಸಂಜೆ ಕೆಂಡದ ಮೇಲೆ ಪಕ್ಕೆಲುಬು ಸುಡುತ್ತಿದ್ದಾಗ ಸ್ಯಾಟಲೈಟ್ ಯಂತ್ರ ಕಿಣಿಗುಟ್ಟಿತು. ನನ್ನ ಕೈಯೆಲ್ಲ ಕೊಬ್ಬು. ಗೆರ್ಲಿಂಡ್ ಎತ್ತಿಕೊಂಡು ಓದಿದಳು.

"ನಿನ್ನ ಮಗಳು ಜೋಲೀನ್. 'ಅಜ್ಜಿ ಕೇಳ್ತಿದ್ದಾರೆ, ಮೂಗು ಸಿಕ್ತಾ?' ಏನಿದು ವರ್ನಾ, ಮನೇಲಿ ಯಾರದಾದ್ರೂ ಮೂಗು ಕಳೆದಿದ್ಯಾ?"

"ಏನಿಲ್ಲ ಬಿಡಿ. ನಮ್ಮ ಮನೆ ತಮಾಷೆ," ಎಂದೆ.

ಮರುದಿನ ಬೆಳಗ್ಗೆ ತಲೆಯ ಮುಂದೆ ಕುಳಿತೆ. ಮುಖದ ಚರ್ಮ ಬಿಡಿಸುವ ಕೆಲಸ. ಗಂಡಹೆಂಡಿರು ನದಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರು. ಕುತ್ತಿಗೆ, ಕಿವಿ, ಕಣ್ಣಿನ ಸುತ್ತ ಎಲ್ಲ ಮುಗಿಸಿ ಚಾಕು ಮೂಗಿನ ಹೊಳ್ಳೆಗೆ ಬಂತು. ಎಂಥ ಮೂಗು! ನನ್ನ ಎರಡು ಮುಷ್ಟಿ ಸೇರಿದರೂ ಅದರ ಅರ್ಧ. ಮೆತ್ತಗೆ, ತುಂಬಿಕೊಂಡು, ತಣ್ಣಗೆ.

ಚಾಕು ಸ್ವಲ್ಪ ಜಾರಿದರೆ ಸಾಕು ಎಂಬುದು ಆಗ ಹೊಳೆಯಿತು. ಹೊಳ್ಳೆಯ ಅಂಚು ನಾಲ್ಕು ಬೆರಳಗಲ ಹರಿದರೆ ಈ ಚರ್ಮ ಗೋಡೆಗೆ ಆಗುವುದಿಲ್ಲ. ಕೈ ಜಾರಿತು, ಕ್ಷಮಿಸಿ ಎಂದರೆ ಮುಗಿಯಿತು. ಚಳಿಯಲ್ಲಿ ಯಾರ ಕೈ ಜಾರುವುದಿಲ್ಲ? ಲೋಥರ್ ಒಳ್ಳೆಯವನು, ಬೈಯುವವನಲ್ಲ. ಮೂಗು ನನ್ನದಾಗುತ್ತದೆ. ಅತ್ತೆಯ ಎದುರು ಇಡಬಹುದು. ಆದರೆ ಹೇಗೆ ಸಿಕ್ಕಿತು ಎಂದು ಅವರು ಕೇಳದೆ ಬಿಡುವವರಲ್ಲ. ಚರ್ಮ ಬಿಡಿಸುವುದನ್ನು ನನಗೆ ಕಲಿಸಿದವರೇ ಅವರು.

ಚಾಕುವನ್ನು ಮರದ ದಿಮ್ಮಿಗೆ ಚುಚ್ಚಿಟ್ಟು ಎದ್ದು ಹೋದೆ. ಧಣಿಯ ಅಪ್ಪಣೆಯನ್ನು ಆ ದಿನದ ಮಟ್ಟಿಗೆ ಮರೆತೆ.

"ಲೋಥರ್, ಒಂದು ಮಾತು ಕೇಳ್ತೀನಿ. ಆಗಲ್ಲ ಅಂದ್ರೆ ಬೇಜಾರಿಲ್ಲ. ಆ ಮೂಗು ನನಗೆ ಬೇಕಿತ್ತು." ಅತ್ತೆಯ ಆಸ್ಪತ್ರೆ, ಒದ್ದೆ ರಟ್ಟು, ಎಲ್ಲ ಹೇಳಿದೆ.

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಮೆಟ್ಟಿಲ ಮೇಲಿನ ಗೋಡೇಲಿ ಇಪ್ಪತ್ತೆರಡು ವರ್ಷದಿಂದ ಜಾಗ ಬಿಟ್ಟಿದ್ದೀನಿ," ಎಂದ. "ಮತ್ತೆ ಬರೋಕಾಗಲ್ಲ ನನಗೆ, ಮಂಡಿ ಕೆಟ್ಟಿದೆ. ಮೂಗಿಲ್ಲದ ಮೂಸನ್ನ ಹೇಗೆ ಹಾಕ್ಲಿ? ಕ್ಷಮಿಸು ವರ್ನಾ. ನನಗೆ ಪೂರ್ತಿ ಬೇಕು."

"ಜಾಗ ಬಿಟ್ಟಿದ್ದಾನಂತೆ!" ಗೆರ್ಲಿಂಡ್ ಬಾಣಲೆ ಹಿಡಿದೇ ಎದ್ದಳು. "ಅಲ್ಲಿ ನಮ್ಮಮ್ಮನ ಗಡಿಯಾರ ಇದೆ. ಒಬ್ಬ ಮುದುಕಿ ಊಟ ಕೇಳ್ತಿದ್ದಾಳೆ, ಇವನಿಗೆ ಗೋಡೆ ಚಿಂತೆ." ಮುಂದಿನದನ್ನೆಲ್ಲ ಅವರ ಭಾಷೆಯಲ್ಲಿ ಬೈದಳು.

"ಬೇಡ ಬಿಡಿ," ಎಂದೆ. ಅವನದು ತಪ್ಪೇನಿರಲಿಲ್ಲ. ಮೂಸು ಅವನದು, ಆಸೆಯೂ ಅವನದು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದ. ಕೆಲಸಕ್ಕೆ ಮರಳಿದೆ.

ಚಾಕು ಕಿತ್ತು ಕೈಗೆ ತೆಗೆದುಕೊಂಡಾಗ ಅತ್ತೆ ಕಲಿಸಿದ್ದೇ ಕಣ್ಣ ಮುಂದೆ ಬಂತು. ಬಲೆಗೆ ಬಿದ್ದ ಸಣ್ಣ ಪ್ರಾಣಿಗಳ ತುಪ್ಪಳವನ್ನು ಅವರು ತುಟಿ, ಉಗುರು ಸಮೇತ ಕಾಲುಚೀಲ ಮಗುಚಿದ ಹಾಗೆ ತೆಗೆಯುತ್ತಿದ್ದರು. ಒಳಗಿದ್ದದ್ದು ಒಳಗೆ, ಹೊರಗಿದ್ದದ್ದು ಹೊರಗೆ, ಎರಡಕ್ಕೂ ಗಾಯವಿಲ್ಲ. ಗೋಡೆಗೆ ಬೇಕಾದ್ದು ಮೂಗಿನ ಚರ್ಮ ತಾನೇ? ಸಾಮಾನ್ಯವಾಗಿ ನಾವು ಮೂಗನ್ನು ಚರ್ಮದ ಜೊತೆಯೇ ಮೂಳೆಯಿಂದ ಇಡಿಯಾಗಿ ಕೊಯ್ದು ಉಪ್ಪು ಮೆತ್ತಿ ಕಳಿಸಿಬಿಡುತ್ತೇವೆ. ಒಳಗಿನ ಮಾಂಸವನ್ನು ತಲೆ ತುಂಬಿಸಿಕೊಡುವ ಕಸಬಿನವನು ಕೆರೆದು ಎಸೆಯುತ್ತಾನೆ. ನಾನೇ ಇಲ್ಲಿ ಬಿಡಿಸಿದರೆ? ಮೂಸಿನ ಮೂಗಿಗೆ ಯಾರೂ ಹಾಗೆ ಮಾಡಿದ್ದು ನೋಡಿರಲಿಲ್ಲ. ಚರ್ಮಕ್ಕೂ ಮಾಂಸಕ್ಕೂ ನಡುವೆ ಸಡಿಲವೇ ಇಲ್ಲದ ಜಾಗ ಅದು.

ಸಣ್ಣ ಚಾಕು ಮಸೆದೆ. ಹೊಳ್ಳೆಯೊಳಗೆ ಬೆರಳಿಟ್ಟು, ಬೆರಳಿಗೆ ತಾಗುವುದನ್ನು ನಂಬಿ, ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಬಿಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ನೆರಳು ಬಿತ್ತು. ಗೆರ್ಲಿಂಡ್.

"ಎರಡನ್ನೂ ತೆಗೀತಿದ್ದೀಯಾ?"

"ನೋಡೋಣ ಅಂತ."

ಅವಳು ಅಂಗಿಯ ತೋಳು ಮೇಲಕ್ಕೆ ಮಡಚಿ ಎದುರು ಕುಳಿತಳು. "ಚರ್ಮ ನಾನು ಹಿಡೀತೀನಿ. ಬಿಗಿಯಾಗಿ ಹಿಡಿದ್ರೆ ತಾನಾಗೇ ಹೇಳುತ್ತೆ ಎಲ್ಲಿ ಕೊಯ್ಯಬೇಕು ಅಂತ." ಅವಳ ಬೆರಳು ಮೊಂಡು, ಗಟ್ಟಿ. ಅವಳು ಎಳೆದು ಹಿಡಿದರೆ ಚರ್ಮದ ಹಿಂದೆ ಚಾಕುವಿನ ತುದಿ ಎಲ್ಲಿದೆ ಎಂದು ಬೆರಳಿಗೇ ತಿಳಿಯುತ್ತಿತ್ತು.

ಲೋಥರ್ ದೂರದಲ್ಲೇ ಅತ್ತಿಂದಿತ್ತ ಓಡಾಡಿದ. ಚಹಾ ತಂದಿಟ್ಟ. ಬೆಂಕಿಗೆ ಕಟ್ಟಿಗೆ ಹಾಕಿದ. ಮತ್ತೆ ಚಹಾ ತಂದ. ಮಧ್ಯಾಹ್ನದ ಹೊತ್ತಿಗೆ ಎಡಹೊಳ್ಳೆಯ ತಿರುವಿನಲ್ಲಿ ಚಾಕು ನಿಜಕ್ಕೂ ಜಾರಿತು.

"ತೂತಾಯ್ತಾ?" ಲೋಥರ್ ಚಹಾದ ಲೋಟ ಹಿಡಿದೇ ಓಡಿಬಂದ.

"ಆಯ್ತು," ಎಂದೆ. ಬೆಳಗ್ಗೆ ಬೇಕೆಂದೇ ಮಾಡಲು ಹೊರಟಿದ್ದು ಈಗ ಬೇಡವೆಂದರೂ ಆಗಿಹೋಗಿತ್ತು. ಮುಖ ಎತ್ತಲಾಗಲಿಲ್ಲ ನನಗೆ.

"ಅರ್ಧ ಉಗುರಿನಷ್ಟು," ಎಂದಳು ಗೆರ್ಲಿಂಡ್. "ಇದಕ್ಕೆ ಯಾಕೆ ಇಬ್ರೂ ಸತ್ತವರ ಮನೇಲಿ ಕೂತ ಹಾಗೆ ಕೂತಿದ್ದೀರಾ? ಲೋಥರ್, ನನ್ನ ಸೂಜಿಡಬ್ಬಿ ತಾ." ಒಳಗಿನಿಂದ ನಾಲ್ಕು ಹೊಲಿಗೆ ಹಾಕಿದಳು. ಹೊರಗಿನಿಂದ ನೋಡಿದರೆ ನನಗೇ ಗೊತ್ತಾಗಲಿಲ್ಲ. ಲೋಥರ್ ಕನ್ನಡಕ ಹಾಕಿಕೊಂಡು ನೋಡಿ, ನಿಟ್ಟುಸಿರು ಬಿಟ್ಟು, ಅಲ್ಲೇ ನನ್ನ ಪಕ್ಕ ಕುಳಿತ. ಆಮೇಲೆ ತುಟಿ ಹಿಡಿಯುವ ಕೆಲಸ ಅವನದಾಯಿತು.

ಬಿಸಿಲು ಇಳಿಯುವ ಮೊದಲು ಮುಗಿಯಿತು. ಒಂದು ಕಡೆ ಖಾಲಿ ಚೀಲದ ಹಾಗೆ ಇಡೀ ಮುಖದ ಚರ್ಮ, ಇನ್ನೊಂದು ಕಡೆ ಹಿಟ್ಟಿನ ಚೀಲದ ಬಟ್ಟೆಯ ಮೇಲೆ ಬೆಳ್ಳನೆಯ, ನಡುಗುವ ಮೂಗಿನ ಗಡ್ಡೆ. ನನ್ನ ಬೆನ್ನು ನೆಟ್ಟಗಾಗಲು ಹತ್ತು ನಿಮಿಷ ಬೇಕಾಯಿತು.

ಎರಡು ದಿನದ ಮೇಲೆ ಊರಿನ ದಂಡೆಗೆ ದೋಣಿ ತಾಗಿದಾಗ ಅತ್ತೆ ಮಕ್ಕಳೊಂದಿಗೆ ಕಾಯುತ್ತಿದ್ದರು. ಮಾಂಸದ ಚೀಲಗಳ ಕಡೆ ನೋಡಲೂ ಇಲ್ಲ. ಮೂಗಿನ ಗಂಟು ಬಿಚ್ಚಿ ಮೂಸಿ ನೋಡಿದರು.

"ಚರ್ಮ ಎಲ್ಲಿ?"

"ಚರ್ಮ ಇವರಿಗೆ ಬೇಕು ಅತ್ತೆ, ಗೋಡೆಗೆ. ಒಳಗಿನದು ನಿಮಗೆ."

ಅತ್ತೆ ಲೋಥರನ ಕಾಲಿಂದ ತಲೆಯವರೆಗೆ ಕಣ್ಣು ಹಾಯಿಸಿದರು. ಅದಕ್ಕೆ ಸ್ವಲ್ಪ ಸಮಯವೇ ಹಿಡಿಯಿತು. "ಬಿಚ್ಚಪ್ಪ, ನೋಡೋಣ." ಅವನು ಉಪ್ಪು ಹಚ್ಚಿದ ಸುರುಳಿಯನ್ನು ಶಾಲೆಯ ಹುಡುಗನ ಹಾಗೆ ಬಿಚ್ಚಿ ತೋರಿಸಿದ. ಅತ್ತೆ ಹೊಳ್ಳೆಯೊಳಗೆ ಎರಡು ಬೆರಳು ಹಾಕಿ ಸುತ್ತಲೂ ಸವರಿದರು. ಎಡಹೊಳ್ಳೆಯಲ್ಲಿ ಬೆರಳು ನಿಂತಿತು.

"ಇಲ್ಲಿ ಹರಿದಿದ್ದು ಯಾರು?"

"ನಾನು," ಎಂದೆ.

"ಅದು ಗೊತ್ತು. ಹೊಲಿದಿದ್ದು?"

ಗೆರ್ಲಿಂಡ್ ಕೈ ಎತ್ತಿದಳು. ಅತ್ತೆ ಅವಳ ಅಂಗೈ ಹಿಡಿದು, ಬೆರಳ ತುದಿಯ ಗಂಟುಗಳನ್ನು ಮುಟ್ಟಿ ನೋಡಿದರು. "ಇದು ಕೆಲಸ ಮಾಡಿದ ಕೈ. ಬಾರಮ್ಮ, ಊಟಕ್ಕೆ. ಅವನೂ ಬರಲಿ."

ಮೂಗು ಮಧ್ಯಾಹ್ನವೆಲ್ಲ ಕುದಿಯಿತು. ಒಂದು ನೀರು ಚೆಲ್ಲಿ, ಮತ್ತೆ ಹೊಸ ನೀರಲ್ಲಿ ಈರುಳ್ಳಿಯ ಜೊತೆ. ಮಕ್ಕಳು ಕಿಟಕಿಯ ಗಾಜಿನ ಮೇಲಿನ ಆವಿಯಲ್ಲಿ ಮೂಸಿನ ಚಿತ್ರ ಬರೆದರು. ಅತ್ತೆಯ ಬಟ್ಟಲಿಗೆ ನಾನೇ ಹಾಕಿ ಕೊಟ್ಟೆ: ಬಿಳಿಯ ಮೆದು ಭಾಗ, ಮೂಳೆಯ ಪಕ್ಕದ ಕಪ್ಪು ಎಳೆ, ಒಂದಿಷ್ಟು ರಸ. ಮೇಜಿನ ಸುತ್ತ ಯಾರೂ ಚಮಚ ಎತ್ತಲಿಲ್ಲ.

ಅತ್ತೆ ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. ನಿಧಾನವಾಗಿ ಅಗಿದರು. ನುಂಗಿದರು. ಇನ್ನೊಂದು ತುಂಡು. ನಾನು, "ಚೆನ್ನಾಗಿದೆಯಮ್ಮ ಅನ್ನಬೇಡಿ, ದಯವಿಟ್ಟು ಅನ್ನಬೇಡಿ," ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಈರುಳ್ಳಿ ಸುರಿದು ಕೆಡಿಸಿದ್ದೀಯಲ್ಲೇ," ಎಂದರು ಅತ್ತೆ ನಮ್ಮ ಮನೆಮಾತಿನಲ್ಲಿ. "ಇಂಥ ಮೂಗಿಗೆ ಇಷ್ಟೊಂದು ಈರುಳ್ಳಿ ಯಾರಾದ್ರೂ ಹಾಕ್ತಾರಾ? ಉಪ್ಪೂ ಸಾಲದು. ಕೂದಲು ಸುಟ್ಟ ಚರ್ಮದ ಹೊಗೆವಾಸನೆ ಬೇರೆ ಇಲ್ಲ. ಏನ್ ಕಲಿತ್ಯೋ ಇಷ್ಟು ವರ್ಷ."

ಜೋಲೀನ್ ನನ್ನ ಮುಖ ನೋಡಿದಳು. ನಾನು ಎದ್ದು ಉಪ್ಪು ತರುವ ನೆಪದಲ್ಲಿ ಕಪಾಟಿನ ಕಡೆ ತಿರುಗಿ ನಿಂತೆ.

"ಬೈದ್ರಾ?" ಗೆರ್ಲಿಂಡ್ ಗಾಬರಿಯಿಂದ ಕೇಳಿದಳು.

"ಹೌದು," ಎಂದೆ, ನಗು ತಡೆಯಲಾಗದೆ. "ಚೆನ್ನಾಗಿ ಬೈದ್ರು."

ಅತ್ತೆ ಆಗಲೇ ಬಟ್ಟಲು ಖಾಲಿ ಮಾಡಿ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದರು. ಗೆರ್ಲಿಂಡ್‌ಗೆ ದೊಡ್ಡ ತುಂಡು ಬಡಿಸಿದರು. ಲೋಥರ್ ಸಂಕೋಚದಿಂದ ತಟ್ಟೆ ಮುಂದೆ ಮಾಡಿದ.

"ನಿನ್ನ ಪಾಲು ಗೋಡೆಗೆ ಹೋಯ್ತಲ್ಲಪ್ಪ," ಎಂದರು ಅತ್ತೆ. ಅವನು ತಟ್ಟೆ ಹಿಂದೆ ಎಳೆದುಕೊಳ್ಳುವ ಮೊದಲೇ ಒಂದು ಸಣ್ಣ ತುಂಡು ಹಾಕಿ, ಸ್ವಲ್ಪ ಯೋಚಿಸಿ, ಇನ್ನೊಂದು ಸಣ್ಣದನ್ನೂ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡು ಹುಡುಗಿ, ಬರೋ ವರ್ಷ ಗೋಡೆ ಇಲ್ಲದೋರನ್ನ ಕರ್ಕೊಂಡ್ ಬಾ."