ಖಾಲಿ ಜಾಗದ ಸಾಕ್ಷಿ

ಆಸ್ಪತ್ರೆಯ ಹಾಸುಬಟ್ಟೆ ಒಣಗಿದಾಗ ಹಗುರ. ನೀರು ಕುಡಿದ ಮೇಲೆ ಅದನ್ನು ಎತ್ತಲು ಸೊಂಟ ಗಟ್ಟಿಯಿರಬೇಕು. ಅಂಥ ನಲವತ್ತು ಹಾಸುಬಟ್ಟೆಗಳನ್ನು ನಮ್ಮ ಓಣಿಯ ಒಬ್ಬೊಬ್ಬ ಹೆಂಗಸು ದಿನವೂ ಹಳ್ಳದಲ್ಲಿ ಒಗೆದು, ಹಿಂಡಿ, ತಲೆಯ ಮೇಲೆ ಹೊತ್ತು ಏರು ಹತ್ತಿ ಒಣಗಿಸುವ ಮೈದಾನಕ್ಕೆ ತರುತ್ತಾಳೆ. ಸೋಡಾ ನೀರಿಗೆ ಬೆರಳ ಸಂದಿಗಳು ಬಿರಿಯುತ್ತವೆ. ರಾತ್ರಿ ಎಣ್ಣೆ ಸವರಿ, ಬೆಳಿಗ್ಗೆ ಮತ್ತೆ ಅದೇ ನೀರಿಗೆ ಕೈ ಹಾಕುವುದು.

ನನ್ನ ಹೆಂಡತಿ ಮೂವತ್ತೆಂಟು ವರ್ಷ ಈ ಕೆಲಸ ಮಾಡಿದಳು. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಕೊನೆಯ ಸಲ ಅವಳ ಕೈ ಹಿಡಿದು ನೋಡಿದಾಗ ಅಂಗೈಯಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಎಲ್ಲವೂ ಸವೆದುಹೋಗಿದ್ದವು. ದೇವರು ಅವಳ ಲೆಕ್ಕವನ್ನು ಬೇರೆಲ್ಲಾದರೂ ಬರೆದಿಟ್ಟಿರುತ್ತಾನೆ ಎಂದು ನಂಬಿದ್ದೇನೆ.

ನಾನು ಇಸ್ತ್ರಿಯವನು. ನೆರಳಿನಲ್ಲಿ ನಿಂತು ಕೆಲಸ ಮಾಡಿದವನು. ಬಿಸಿಲಿನಲ್ಲಿ ದುಡಿಯುವವರ ನಡುವೆ ಒಬ್ಬ ನೆರಳಿನಲ್ಲಿ ನಿಂತರೆ ಅವನಿಗೆ ಬುದ್ಧಿವಂತ ಎಂಬ ಹೆಸರು ಸುಲಭವಾಗಿ ಬರುತ್ತದೆ. ನನಗೂ ಬಂತು. ನಾಲ್ಕಕ್ಷರ ಓದಿದ್ದೆ. ಮುಂಜಾನೆ ಎದ್ದು ದೇವರ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದೆ, ಓಣಿಯವರಿಗೆ ಕೇಳಲಿ ಎಂದೇ. ಮಾತ್ರೆಯ ಚೀಟಿ, ಶಾಲೆಯ ಪತ್ರ, ಕೋರ್ಟಿನ ಕಾಗದ ಏನು ಬಂದರೂ ನನ್ನ ಮುಂದೆ ಹಿಡಿಯುತ್ತಿದ್ದರು. ಎಲ್ಲರಿಗೂ ನಾನು ದೊಡ್ಡಪ್ಪ. ದೊಡ್ಡಪ್ಪ ಸುಳ್ಳು ಹೇಳುವವನಲ್ಲ ಎಂಬುದು ಓಣಿಯ ನಂಬಿಕೆ. ಅವರಿಗಿಂತ ಹೆಚ್ಚಾಗಿ ನಾನೇ ಅದನ್ನು ನಂಬಿದ್ದೆ.

ನಮ್ಮ ಓಣಿ ನಗರದ ಗಡಿಯಿಂದ ಇನ್ನೂರು ಹೆಜ್ಜೆ ಹೊರಗಿತ್ತು. ನಗರದ ಕೊಳೆ ಬಟ್ಟೆ ಗಡಿಯ ಮೋರಿಯನ್ನು ದಾಟಿ ನಮ್ಮಲ್ಲಿಗೆ ಬರುತ್ತಿತ್ತು. ನಗರದ ನೀರು ಮಾತ್ರ ಮೋರಿಯ ಆಚೆಯೇ ನಿಲ್ಲುತ್ತಿತ್ತು. ಹೆಂಡತಿ ಹೋಗಿ ತಿಂಗಳಾಗಿತ್ತು. ಆಗ ನಗರಸಭೆಯ ಮೆಂಬರು ನಮ್ಮ ಮನೆಗೆ ಬಂದ. ಅವಳ ಚಿತ್ರದ ಮುಂದೆ ಕೈ ಮುಗಿದು ನಿಂತ. ನಾನು ಅಲ್ಲಿಗೇ ಕರಗಿದೆ. ಓಣಿಯ ಅರ್ಧಕ್ಕಿಂತ ಹೆಚ್ಚು ಮನೆಯವರು ಒಪ್ಪಿಗೆಯ ಸಹಿ ಹಾಕಿದರೆ ಓಣಿಯನ್ನು ನಗರಕ್ಕೆ ಸೇರಿಸಿಕೊಳ್ಳುತ್ತಾರೆ, ನಲ್ಲಿ, ಚರಂಡಿ, ಬೀದಿದೀಪ ಎಲ್ಲ ಬರುತ್ತದೆ ಎಂದ. ಕುಡಿಯುವ ನೀರಿಗಾಗಿ ಅವಳು ಎಷ್ಟು ದೂರ ನಡೆದಿದ್ದಳೋ ನನಗೆ ಗೊತ್ತಿತ್ತು. ಅವಳಿರುವಾಗ ಒಂದು ಕೊಡ ಹೊರದ ನಾನು ಅವಳು ಹೋದ ಮೇಲೆ ಇಡೀ ಓಣಿಗೆ ನೀರು ತರಲು ಹೊರಟೆ.

ಅರವತ್ತೆರಡು ಮನೆ ಸುತ್ತಿದೆ. ಅರವತ್ತೊಂದರಲ್ಲಿ ಕೇಳಿದ ಕೂಡಲೇ ಸಹಿಯೋ ಹೆಬ್ಬೆಟ್ಟೋ ಸಿಕ್ಕಿತು. ಉಳಿದದ್ದು ನನ್ನ ನಾದಿನಿಯ, ಅಂದರೆ ಹೆಂಡತಿಯ ತಂಗಿಯ ಮನೆ. ಅವಳ ನಾಲಿಗೆಗೆ ಓಣಿಯೇ ಹೆದರುತ್ತದೆ.

"ನಲ್ಲಿ ಕೊಡ್ತಾರೆ ಸರಿ ಭಾವ, ಬದಲಿಗೆ ಏನು ತಗೋತಾರೆ?" ಎಂದಳು.

ಅನುಮಾನ ಒಂದು ಕಾಯಿಲೆ ಎಂದೆ. ದೇವರ ಪುಸ್ತಕದಿಂದ ನಂಬಿಕೆಯ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಿದೆ. ಅವಳು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದಳು. ದೇವರ ಮಾತನ್ನು ನಗರಸಭೆಯ ಅರ್ಜಿಗೆ ಅಂಟು ಮಾಡಿಕೊಂಡ ಪಾಪಕ್ಕೆ ನನಗೆ ಮೇಲೆ ಏನು ಶಿಕ್ಷೆ ಕಾದಿದೆಯೋ ತಿಳಿಯದು. ಕೆಳಗೆ ಸಿಕ್ಕ ಶಿಕ್ಷೆಯನ್ನು ಹೇಳುತ್ತೇನೆ.

ಓಣಿ ನಗರಕ್ಕೆ ಸೇರಿತು. ಮೊದಲು ಸ್ವಾಗತದ ಫಲಕ ಬಂತು. ಆಮೇಲೆ ನಲ್ಲಿ ಬಂತು. ಎರಡು ತಿಂಗಳು ಕಳೆದ ಮೇಲೆ ನಲ್ಲಿಯಲ್ಲಿ ನೀರು ಬಂತು, ಬೆಳಿಗ್ಗೆ ಒಂದು ಗಂಟೆ. ಆ ಮೊದಲ ನೀರನ್ನು ಕೈಯಲ್ಲಿ ಹಿಡಿದು ನಾನು ಅತ್ತೆ. ಅದು ಸುಳ್ಳು ಅಳುವಲ್ಲ. ಮೋಸದ ನೀರಾದರೂ ತಣ್ಣಗೇ ಇರುತ್ತದೆ.

ಮೆಂಬರು ಮತ್ತೆ ಬಂದ. ಹೊಸದಾಗಿ ಸೇರಿದ ಜಾಗಗಳನ್ನೆಲ್ಲ ಅಳೆದು ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಉದ್ಯಾನ ಎಂದು ವಲಯ ಮಾಡುತ್ತಾರಂತೆ. ಅದಕ್ಕೆ ಸರ್ವೆಯರ್ ಬರುವವನಿದ್ದ.

"ಮೈದಾನ ಸ್ವಲ್ಪ ನೀಟಾಗಿರಲಿ ದೊಡ್ಡಪ್ಪ. ಅಧಿಕಾರಿಗಳ ಕಣ್ಣಿಗೆ ಗಲೀಜು ಕಂಡ್ರೆ ನಿಮ್ಮ ನಲ್ಲಿಗೇ ಕುತ್ತು," ಎಂದ.

ಊರಿನವರ ಕಲೆ ತೆಗೆದು ಬದುಕುವವರಿಗೆ ಗಲೀಜು ಎಂಬ ಮಾತನ್ನು ತಡೆದುಕೊಳ್ಳಲು ಆಗುವುದಿಲ್ಲ. ಮೆಂಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಾನು ಆ ಸಂಜೆಯೇ ಓಣಿಯವರನ್ನು ಕೂಡಿಸಿದೆ. ಎರಡು ದಿನ ಒಗೆತ ನಿಂತಿತು. ಬಟ್ಟೆ ಒಣಗಿಸುವ ಹಗ್ಗಗಳನ್ನು ಬಿಚ್ಚಿ ಸುತ್ತಿಟ್ಟೆವು. ನೂರಾರು ಕಂಬಗಳನ್ನು ಕಿತ್ತು ಮನೆಗಳ ಹಿಂದೆ ಒರಗಿಸಿದೆವು. ಬಟ್ಟೆ ಬೇಯಿಸುವ ಕಪ್ಪು ಹಂಡೆಗಳು ಒಳಗೆ ಹೋದವು. ಕಂಬದ ಗುಂಡಿಗಳಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ, ಗುಡಿಸಿದೆವು. ನಾನು ಕೈ ಹಿಂದೆ ಕಟ್ಟಿಕೊಂಡು ದಂಡನಾಯಕನಂತೆ ಓಡಾಡಿದೆ.

ಪೂರ್ವದ ಮೂಲೆಯ ಕಂಬ ನನ್ನ ಹೆಂಡತಿ ನೆಟ್ಟದ್ದು. ಮದುವೆಯಾಗಿ ಬಂದ ವಾರದಲ್ಲಿ ತಾನೇ ಗುಂಡಿ ತೋಡಿ ನೆಟ್ಟಿದ್ದಳು. ಅದೊಂದನ್ನು ಬಿಡಿ ಎಂದಳು ನಾದಿನಿ. ಅಧಿಕಾರಿಗಳ ಎದುರು ನಮ್ಮದು, ನಿಮ್ಮದು ಎಂಬ ಭೇದ ಸಲ್ಲದು ಎಂದು ದೊಡ್ಡ ಮಾತಾಡಿ ನಾನೇ ಕೈ ಹಾಕಿದೆ. ಕಂಬ ಗಟ್ಟಿಯಾಗಿ ಕೂತಿರುತ್ತದೆ, ನಾಲ್ಕು ಜನ ನೋಡುವಂತೆ ನಾನು ಒದ್ದಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಒಂದೇ ಎಳೆತಕ್ಕೆ ಬಂತು.

ಸರ್ವೆಯರ್ ಬಂದ. ಬಳಲಿದ, ಒಳ್ಳೆಯ ಮನುಷ್ಯ. ನೀರು ಕೇಳಿ ಕುಡಿದ. ಟೇಪು ಹಿಡಿದು ಅಳೆದ. ಇಲ್ಲಿ ಏನೂ ನಡೆಯುವುದಿಲ್ಲವೇ ಎಂದು ಕೇಳಿದ. ಏನೂ ಇಲ್ಲ ಸ್ವಾಮಿ, ನೋಡಿ ಎಷ್ಟು ಶುದ್ಧವಾಗಿದೆ ಎಂದು ನಾನು ಹೆಮ್ಮೆಯಿಂದ ಕೈ ಚಾಚಿ ತೋರಿಸಿದೆ. ಅವನು ಮಹಜರು ಬರೆದು ಸಾಕ್ಷಿಯ ಸಹಿ ಕೇಳಿದ. ಓದದೆ ಸಹಿ ಹಾಕುವ ಮೂರ್ಖ ನಾನಲ್ಲ. ಓದಿ ಹಾಕುವ ಮೂರ್ಖ. ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದೆ: "ಸದರಿ ಸ್ಥಳವು ಸ್ವಚ್ಛವಾಗಿಯೂ, ಸಮತಟ್ಟಾಗಿಯೂ, ಯಾವುದೇ ಕಂಬ, ಕಟ್ಟಡ, ಬಳಕೆ ಇಲ್ಲದೆ ಖಾಲಿಯಾಗಿಯೂ ಇರುವುದು ಕಂಡುಬಂದಿದೆ."

ಸ್ವಚ್ಛ ಎಂಬಲ್ಲಿ ನಿಂತು ಆ ಮಾತನ್ನು ಎರಡು ಸಲ ಓದಿದೆ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ನಮ್ಮ ಓಣಿಯನ್ನು ಸ್ವಚ್ಛ ಎಂದು ಯಾರೂ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಉಳಿದ ಮಾತುಗಳು ಆ ಸಂತೋಷದಲ್ಲಿ ಕೊಚ್ಚಿಹೋದವು. ನಾನು ಒಂದಕ್ಷರವೂ ಬಿಡದೆ ಪೂರ್ಣ ಹೆಸರು ಬರೆದು ಕೆಳಗೆ ಗೆರೆ ಎಳೆದೆ.

ಮೂರು ವಾರಕ್ಕೆ ಮೈದಾನದ ಸುತ್ತ ಮುಳ್ಳುತಂತಿ ಬಿತ್ತು. ಸಾರ್ವಜನಿಕ ಉದ್ಯಾನಕ್ಕೆ ಕಾಯ್ದಿರಿಸಿದ ಜಾಗ, ಬಟ್ಟೆ ಒಣಗಿಸಬಾರದು ಎಂಬ ಫಲಕ ಬಂತು. ತಂತಿಯ ಆಚೆ ಇನ್ನೊಂದು ದೊಡ್ಡ ಫಲಕ: ಉದ್ಯಾನಕ್ಕೆ ಎದುರಾಗಿ ಸುಂದರ ನಿವೇಶನಗಳು. ಆ ಬಡಾವಣೆ ಮೆಂಬರಿನ ಭಾವಮೈದುನನದು. ಎರಡೂ ಫಲಕಗಳನ್ನು ಓಣಿಗೆ ಓದಿ ಹೇಳಿದವನು ನಾನೇ. ಓದು ಬಲ್ಲವರು ಬೇರೆ ಯಾರಿದ್ದಾರೆ?

ಬಟ್ಟೆ ಒಣಗಿಸಲು ಎಲ್ಲಿಯೂ ಜಾಗವಿಲ್ಲ. ಮನೆಯ ತಗಡಿನ ಮೇಲೆ ಹರಡಿದರೆ ತುಕ್ಕಿನ ಕಲೆ. ಬೀದಿಯಲ್ಲಿ ಕಟ್ಟಿದರೆ ಧೂಳು. ನಾದಿನಿ ತನ್ನ ಒಂದೇ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಾಸುಬಟ್ಟೆ ಕಟ್ಟಿದಳು. ಮೊಮ್ಮಕ್ಕಳು ಕೆಳಗೆ ತೊಟ್ಟಿಕ್ಕುವ ನೀರಿನಲ್ಲಿ ಕೂತು ಉಂಡರು. ಎಂಟನೇ ದಿನ ಆಸ್ಪತ್ರೆಯವರು ಎರಡು ಗಂಟು ಹಿಂದಕ್ಕೆ ಕಳಿಸಿದರು, ಮುಗ್ಗಲು ವಾಸನೆ ಎಂದು. ಇನ್ನೊಂದು ಸಲ ಹೀಗಾದರೆ ಬೇರೆ ಕಡೆ ಕೊಡುತ್ತೇವೆ ಎಂದು ಹೇಳಿಯೂ ಕಳಿಸಿದರು. ಆಸ್ಪತ್ರೆ ಕೈಬಿಟ್ಟರೆ ಓಣಿಯಲ್ಲಿ ಒಲೆ ಉರಿಯುವುದಿಲ್ಲ.

ಮೆಂಬರಿನ ಮನೆಗೆ ಹೋದೆ. ಕೂರಿಸಿ ಉಪಚಾರ ಮಾಡಿದ. ಕಾನೂನು ಯಾರ ಮನೆಯದೂ ಅಲ್ಲ, ಆಕ್ಷೇಪಣೆ ಇದ್ದರೆ ಕೊಡಿ, ತಿಂಗಳ ಸಭೆಯಲ್ಲಿ ವಿಚಾರಣೆ ಮಾಡುತ್ತಾರೆ ಎಂದ. ಬಾಗಿಲವರೆಗೆ ಬಂದು, ಸಾಕ್ಷಿ ನೀವೇ ಅಲ್ಲವೇ ಎಂದು ಹೆಗಲ ಮೇಲೆ ಕೈ ಇಟ್ಟ.

ನಾನು ಹನ್ನೊಂದು ಪುಟದ ಆಕ್ಷೇಪಣೆ ಬರೆದೆ. ಅದರಲ್ಲಿ ಮೂರು ಕಡೆ ದೇವರ ಹೆಸರಿತ್ತು, ಮೈದಾನದ ಅಳತೆ ಒಂದು ಕಡೆಯೂ ಇರಲಿಲ್ಲ. ನಗರಸಭೆಯ ಗುಮಾಸ್ತ ಅದನ್ನು ಕೈಯಲ್ಲಿ ತೂಗಿ ನೋಡಿದ. ನಡುವಯಸ್ಸಿನವನು, ಮಾತು ಕಡಿಮೆ. ಮಹಜರು ಇರುವವರೆಗೆ ಇದು ನಿಲ್ಲುವುದಿಲ್ಲ ಎಂದ. ಸಾಕ್ಷಿಯೇ ಸಭೆಗೆ ಬಂದು ಮಹಜರು ಸುಳ್ಳೆಂದು ಹೇಳಿ, ಅದು ನಡಾವಳಿ ಪುಸ್ತಕಕ್ಕೆ ಏರಿದರೆ ಮಾತ್ರ ಮತ್ತೆ ಅಳತೆ ಆಗಲೇಬೇಕಂತೆ.

"ಆದ್ರೆ ಸುಳ್ಳು ಸಾಕ್ಷಿಗೆ ಜೈಲಿದೆ ಅಜ್ಜ. ಈ ವಯಸ್ಸಲ್ಲಿ ಯಾಕೆ? ಮನೆಗೆ ಹೋಗಿ."

ಹೋದೆ. ಮೂರು ದಿನ ಪ್ರಾರ್ಥನೆ ಮಾಡಿದೆ. ಏನು ಬೇಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ದೇವರೇ, ಮೈದಾನ ಉಳಿಯಲಿ, ನನ್ನ ಹೆಸರೂ ಉಳಿಯಲಿ, ಎರಡಕ್ಕೂ ದಾರಿ ತೋರಿಸು ಎಂದು ಬೇಡಿದೆ. ಜೈಲಿಗಿಂತ ನನಗೆ ಹೆದರಿಕೆಯಾದದ್ದು ಸುಳ್ಳ ಎನ್ನಿಸಿಕೊಳ್ಳುವುದಕ್ಕೆ. ಅರವತ್ತೆಂಟು ವರ್ಷದಲ್ಲಿ ನಾನು ಗಳಿಸಿದ್ದು ಆ ಒಂದು ಹೆಸರು. ದೇವರು ಉತ್ತರ ಕೊಡಲಿಲ್ಲ. ನಾದಿನಿ ಕೊಟ್ಟಳು. ಗಂಜಿ ತಂದಿಟ್ಟು ಎದುರು ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ನಿಮ್ಮ ಒಳ್ಳೇ ಹೆಸರು ಒಣಗಿಸೋಕೆ ಮೈದಾನ ಬೇಕಾಗಿಲ್ಲ ಭಾವ. ನಮ್ಮ ಬಟ್ಟೆಗೆ ಬೇಕು," ಎಂದಳು. "ಅಕ್ಕ ಇದ್ದಿದ್ರೆ ನಿಮ್ಮನ್ನ ಮೂರು ದಿನ ಯೋಚನೆ ಮಾಡೋಕೆ ಬಿಡ್ತಿದ್ಲಾ?"

ಬಿಡುತ್ತಿರಲಿಲ್ಲ. ಮೊದಲ ದಿನವೇ ಕತ್ತು ಹಿಡಿದು ಹೊರಗೆ ನೂಕುತ್ತಿದ್ದಳು.

ಸಭೆಯ ದಿನ ಓಣಿಯವರೆಲ್ಲ ಬಂದರು. ಒಳಗೆ ಕುರ್ಚಿ ಇದ್ದದ್ದು ಸದಸ್ಯರಿಗೆ. ನಾವು ಗೋಡೆಗೆ ಒರಗಿ ನಿಂತೆವು. ಒಳಗೆ ಜಾಗ ಸಿಗದವರು ಮೆಟ್ಟಿಲ ಮೇಲೆ ನಿಂತರು. ಬೀದಿದೀಪ, ಸಂತೆಯ ಸುಂಕ, ಬೀದಿನಾಯಿ ಎಲ್ಲ ಮುಗಿದು ನಮ್ಮ ವಿಷಯ ಬರುವಾಗ ಅಧ್ಯಕ್ಷರು ಆಕಳಿಸುತ್ತಿದ್ದರು.

"ಜಾಗ ಖಾಲಿ ಅಂತ ಇವರ ಪೈಕಿಯವರೇ ಸಹಿ ಹಾಕಿದಾರಲ್ಲ. ಇನ್ನೇನು ಚರ್ಚೆ? ಮುಂದಿನ ವಿಷಯ," ಎಂದರು.

ನಾನು ಮುಂದೆ ಬಂದೆ. ಗುಮಾಸ್ತನ ಮೇಜಿನ ಎದುರು ನಿಂತೆ.

"ಆ ಸಹಿ ನನ್ನದು. ಮಹಜರು ಸುಳ್ಳು. ಗೊತ್ತಿದ್ದೂ ಸಹಿ ಹಾಕಿದೆ. ಪುಸ್ತಕದಲ್ಲಿ ಬರೆದುಕೊಳ್ಳಿ."

ಗುಮಾಸ್ತ ತಲೆ ಎತ್ತಿ ನೋಡಿದ. ಮೆಂಬರು ಎದ್ದು ನಿಂತು ಬಹಳ ಮೃದುವಾಗಿ, ಪಾಪ ಹಿರಿಯರು, ಹೆಂಡತಿ ತೀರಿಕೊಂಡ ಮೇಲೆ ತಲೆ ಸ್ವಲ್ಪ ಹೀಗಾಗಿದೆ, ಇವರ ಮಾತನ್ನು ಬರೆಯುವುದು ಬೇಡ ಎಂದು ಬೆರಳು ತಿರುಗಿಸಿ ತೋರಿಸಿದ. ನಿಜ ಹೇಳುತ್ತೇನೆ, ಒಂದು ಗಳಿಗೆ ಆಸೆಯಾಯಿತು. ತಲೆಕೆಟ್ಟವನಿಗೆ ಜೈಲಿಲ್ಲ, ಅವನನ್ನು ಸುಳ್ಳ ಎಂದೂ ಯಾರೂ ಕರೆಯುವುದಿಲ್ಲ. ಸುಮ್ಮನೆ ನಿಂತರೆ ಸಾಕಾಗಿತ್ತು.

"ಹೆಂಡತಿ ತೀರಿಕೊಂಡದ್ದು ನಿಜ," ಎಂದೆ. "ನನ್ನ ತಲೆ ಕೆಟ್ಟದ್ದು ಅದರ ಮರು ತಿಂಗಳು, ನಿನ್ನನ್ನ ಮನೆಯೊಳಗೆ ಕೂರಿಸಿದ ದಿನ. ಈಗ ಸರಿಯಾಗಿದೆ. ಬರೆದುಕೊಳ್ಳಿ."

ಒಬ್ಬಿಬ್ಬರು ಸದಸ್ಯರು ನಕ್ಕರು. ಅಧ್ಯಕ್ಷರು ನಗಲಿಲ್ಲ. ಯಜಮಾನರೇ, ಪೊಲೀಸರಿಗೆ ಬರೆಯಬೇಕಾಗುತ್ತದೆ, ಯೋಚನೆ ಮಾಡಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ನಾದಿನಿ ನನ್ನ ಪಕ್ಕಕ್ಕೆ ಬಂದು ನಿಂತಳು.

"ಅವರೊಬ್ಬರದೇ ಯಾಕೆ ಬರೀತೀರಿ? ನಲವತ್ತು ವರ್ಷ ಬಟ್ಟೆ ಒಣಗಿಸಿದ ಜಾಗನ ಗುಡಿಸಿ ಖಾಲಿ ಮಾಡಿದ್ದು ನಾನು. ನನ್ನ ಹೆಸರೂ ಬರೀರಿ."

ಅವಳ ಹಿಂದೆ ಇನ್ನೊಬ್ಬಳು ಬಂದಳು. ಕಂಬ ಕಿತ್ತದ್ದು ತಾನು ಎಂದಳು. ಗುಂಡಿ ಮುಚ್ಚಿದವರು, ಹಂಡೆ ಹೊತ್ತವರು, ಹಗ್ಗ ಬಿಚ್ಚಿದವರು ಗೋಡೆಯಿಂದ ಬಿಡಿಸಿಕೊಂಡು ಮೇಜಿನ ಕಡೆ ನಡೆದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನು ಹೇಳಿಕೊಟ್ಟದ್ದೆಲ್ಲ ಏನಾಯಿತೆಂದು ಅವರು ನೋಡಿದ್ದರು. ಅಧ್ಯಕ್ಷರು ಗಂಟೆ ಬಾರಿಸಿದರು, ಸಭೆ ಮುಂದೂಡಲಾಗಿದೆ ಎಂದು ಎದ್ದರು. ಮೆಂಬರು ಅವರ ಹಿಂದೆಯೇ ಹೊರಟ. ಮೆಟ್ಟಿಲ ತುಂಬ ನಮ್ಮ ಜನ ನಿಂತಿದ್ದರು. ಯಾರೂ ತಡೆಯಲಿಲ್ಲ. ದಾರಿಯನ್ನೂ ಬಿಡಲಿಲ್ಲ. ಅವರಿಬ್ಬರೂ ಅಡ್ಡಡ್ಡ ತಿರುಗಿ, ಹೊಟ್ಟೆ ಎಳೆದುಕೊಂಡು ಇಳಿಯಬೇಕಾಯಿತು.

ಗುಮಾಸ್ತ ಏಳಲಿಲ್ಲ. ಆಕ್ಷೇಪಣೆಯ ವಿಚಾರಣೆ ಶುರುವಾದ ಮೇಲೆ ಹೇಳಿದ್ದನ್ನು ಪೂರ್ತಿ ಬರೆಯುವುದು ತನ್ನ ಕೆಲಸ ಎಂದು ಖಾಲಿ ಕುರ್ಚಿಗಳಿಗೆ ತಿಳಿಸುವವನಂತೆ ಹೇಳಿ ಪೆನ್ನಿನ ಮುಚ್ಚಳ ತೆಗೆದ. ನನ್ನ ಸುಳ್ಳನ್ನು ಮೊದಲ ಸಾಲಿನಲ್ಲಿ ಬರೆದ. ಸಹಿ ಹಾಕಿದೆ. ಈ ಸಲ ಕೆಳಗೆ ಗೆರೆ ಎಳೆಯಲಿಲ್ಲ. ನನ್ನ ನಂತರದವಳು ಹೆಬ್ಬೆಟ್ಟು ಒತ್ತಿದಳು. ಸಾಲು ಬಾಗಿಲು ದಾಟಿ, ಮೆಟ್ಟಿಲು ಇಳಿದು, ಬೀದಿಗೆ ಹೋಗಿತ್ತು. ಇಷ್ಟು ಜನರನ್ನು ಹಿಡಿಸುವ ಜೈಲು ಈ ಊರಿನಲ್ಲಿ ಇನ್ನೂ ಕಟ್ಟಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಇಡೀ ಓಣಿಗೆ ಅದು ನನಗಿಂತ ಮೊದಲೇ ಹೊಳೆದಿತ್ತು.

ಗುಮಾಸ್ತ ಹಾಳೆ ಮಗುಚಿದ.

"ಮುಂದೆ ಯಾರು?" ಎಂದ.